ಜರ್ಮನಿಯ ಭಾಷಾ ಶಿಬಿರದಲ್ಲಿ ನಮ್ಮ ಮೊಮ್ಮಗಳು

ಸೊಲ್ಲಾಪುರದ ಪೇಟೆಯಲ್ಲಿ ನಲವತ್ತು ವರ್ಷಗಳಿಂದ ಚಾದರ, ಟವೆಲುಗಳ ವ್ಯಾಪಾರ ಮಾಡಿಕೊಂಡು ಬಂದಿದ್ದೇವೆ. ಓದಿದ್ದು ಮೆಟ್ರಿಕ್. ಜರ್ಮನಿ ಎಂಬುದು ನಮಗೆ ನಕಾಶೆಯ ಮೇಲಿನ ಒಂದು ಹೆಸರು, ಅಷ್ಟೇ. ಆ ದೇಶದಿಂದ ಒಂದು ರಾತ್ರಿ ನಮ್ಮ ಮನೆಗೆ ಅಳುವ ಫೋನು ಬಂದ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇವೆ. ಮಕ್ಕಳನ್ನು ಪರದೇಶಕ್ಕೆ ಕಳಿಸುವ ವಿಚಾರದಲ್ಲಿರುವ ಸಮಾಜ ಬಾಂಧವರಿಗೆ ಇದು ಉಪಯೋಗವಾದೀತು.

ನಮ್ಮ ಹಿರಿಯ ಮಗ ಪುಣೆಯಲ್ಲಿದ್ದಾನೆ. ಅವನ ಮಗಳು ಶಾಲೆಯಲ್ಲಿ ಜರ್ಮನ್ ಭಾಷೆ ತೆಗೆದುಕೊಂಡಿದ್ದಳು. ಜರ್ಮನ್ ಸರಕಾರದ ವಿದೇಶಾಂಗ ಖಾತೆ 2008ರಲ್ಲಿ 'ಪಾಶ್' ಎಂಬ ಯೋಜನೆಯನ್ನು ಆರಂಭಿಸಿತು. ಈ ಯೋಜನೆಯಲ್ಲಿ ಬೇರೆ ಬೇರೆ ದೇಶಗಳ ಶಾಲೆಗಳಿಂದ ಮಕ್ಕಳನ್ನು ಆರಿಸಿ, ವಿದ್ಯಾರ್ಥಿವೇತನ ಕೊಟ್ಟು, ಸುಮಾರು ಮೂರು ವಾರದ ಭಾಷಾ ಶಿಬಿರಕ್ಕೆ ಕರೆಸಿಕೊಳ್ಳುತ್ತಾರೆ. 2023ರ ಜೂನ್ ತಿಂಗಳಲ್ಲಿ ನಮ್ಮ ಹುಡುಗಿಗೆ ಆ ಅವಕಾಶ ಬಂತು. ಆಗ ಅವಳಿಗೆ ಹದಿನಾರು ವರ್ಷ.

ನಮ್ಮ ಮನೆಯವರಿಗೆ ಎರಡು ಚಿಂತೆ. ಹುಡುಗಿ ಏನು ತಿಂದಾಳು? ರಾತ್ರಿ ಭೋಜನ ತ್ಯಾಗದ ನೇಮ ಹೇಗೆ ನಡೆದೀತು? ಕಡಕ್ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ, ತುಪ್ಪ, ಪೇಢೆ ಎಲ್ಲವನ್ನೂ ಕಟ್ಟಿಟ್ಟರು. ಹೊರಗಿನ ದೇಶದವರು ಹಾಲಿನ ಪದಾರ್ಥಗಳನ್ನು ಯುರೋಪಿನ ಒಕ್ಕೂಟದೊಳಗೆ ಒಯ್ಯುವಂತಿಲ್ಲವೆಂದು ಮಗ ಹೇಳಿದ್ದರಿಂದ ತುಪ್ಪ, ಪೇಢೆ ಹಿಂದೆ ಉಳಿದವು. ರೊಟ್ಟಿ, ಚಟ್ನಿ ಮಾತ್ರ ಹೋದವು.

ಎರಡನೆಯ ಚಿಂತೆಯನ್ನು ಸೂರ್ಯನೇ ಬಿಡಿಸಿದ. ಹುಡುಗಿ ಫ್ರಾಂಕ್‌ಫರ್ಟಿನಲ್ಲಿ ಇಳಿದು ಬಸ್ಸಿನಲ್ಲಿ ಶಿಬಿರ ಮುಟ್ಟಿದ ದಿನವೇ ಫೋನು ಮಾಡಿ, "ಆಯಿ, ಇಲ್ಲಿ ಸಂಜೀ ಆರಕ್ಕ ಊಟ. ಹೊತ್ತು ಮುಳುಗೂದು ಒಂಬತ್ತೂವರಿಗೆ" ಎಂದಳು. ಜೂನಿನಲ್ಲಿ ಆ ಕಡೆಗೆ ಹಗಲು ಹದಿನಾರು ತಾಸು. ನಮ್ಮ ಮನೆಯವರು ಕೈಮುಗಿದರು.

ಮೊದಲ ದಿನ ಪರೀಕ್ಷೆ ಮಾಡಿ, ಯಾರಿಗೆ ಎಷ್ಟು ಬರುತ್ತದೆಂದು ನೋಡಿ ವರ್ಗಗಳನ್ನು ಹಂಚಿದರಂತೆ. ಬೆಳಿಗ್ಗೆ ಪಾಠ, ಮಧ್ಯಾಹ್ನ ಆಟ ಮತ್ತು ತಿರುಗಾಟ. ಹಲವು ದೇಶಗಳ ಮಕ್ಕಳು. ಎಲ್ಲರಿಗೂ ಸಾಮಾನ್ಯವಾದ ಭಾಷೆ ಆ ಅರೆಬರೆ ಜರ್ಮನ್ ಒಂದೇ. ಗಡಿನಾಡಿನ ನಮ್ಮ ಹುಡುಗಿಗೆ ಅಲ್ಲಿ ಒಂದೆರಡು ಅನುಕೂಲಗಳು ಒದಗಿದವು. ಜರ್ಮನರು ಇಪ್ಪತ್ತೊಂದು ಎನ್ನಲು 'ಒಂದು ಮತ್ತು ಇಪ್ಪತ್ತು' ಎನ್ನುತ್ತಾರೆ. ಇದರಿಂದ ಬಹಳ ಮಕ್ಕಳು ತಬ್ಬಿಬ್ಬಾದರು. ಮರಾಠಿಯಲ್ಲಿ ಏಕವೀಸ, ಬಾವೀಸ ಎಂದು ಎಣಿಸಿ ಬೆಳೆದವಳಿಗೆ ಅದು ಹೊಸದಲ್ಲ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ 'ಯು'. ಜರ್ಮನ್ ಭಾಷೆಯಲ್ಲಿ ಗೆಳತಿಗೆ 'ದು', ಹಿರಿಯರಿಗೆ 'ಝೀ'. ನಮ್ಮ ನೀನು, ನೀವು ಇದ್ದಂತೆಯೇ. "ಆಯಿ, ಇಲ್ಲಿ ತತ್ತಿಗಿ 'ಆಯ್' ಅಂತಾರ!" ಎಂದು ನಕ್ಕಿದ್ದಳು.

ಮೂರನೆಯ ದಿನ ನಗು ಇರಲಿಲ್ಲ. ಅಲ್ಲಿ ಸಂಜೆ ಏಳು, ನಮ್ಮಲ್ಲಿ ರಾತ್ರಿ ಹತ್ತೂವರೆ. ಕೋಣೆಯ ಗೆಳತಿ ಪ್ರೀತಿಯಿಂದ ಬಣ್ಣಬಣ್ಣದ ಮೆತ್ತನೆ ಮಿಠಾಯಿ ಕೊಟ್ಟಳು, ಇವಳು ತಿಂದಳು. 1922ರಲ್ಲಿ ಬಾನ್ ನಗರದಲ್ಲಿ ಹುಟ್ಟಿದ, ಕರಡಿಮರಿ ಆಕಾರದ ಮಿಠಾಯಿ ಅದು. ಪಾಕೀಟು ತಿರುಗಿಸಿ ಓದಿದರೆ ಜೆಲಾಟಿನ್! ಹಂದಿ, ದನಗಳ ಚರ್ಮ, ಎಲುಬು ಬೇಯಿಸಿ ತೆಗೆದದ್ದು. ಬಾಯಲ್ಲಿದ್ದುದನ್ನು ಉಗುಳಿದಳು, ಒಳಗೆ ಹೋದದ್ದು ಹೋಗಿತ್ತು. "ಅಜ್ಜಾ, ನಾ ಮನಿಗಿ ಬರತೇನಿ" ಎಂದು ಒಂದೇ ಹಟ.

ನಮಗೆ ಮಾತು ಹೊರಡಲಿಲ್ಲ. ಮನೆಯವರೇ ಫೋನು ತೆಗೆದುಕೊಂಡರು. "ತಿಳೀದ ತಿಂದೀ, ತಿಳಿದ ಮ್ಯಾಲ ಉಗುಳೀದಿ. ಮುಚ್ಚಿಡದ ಹೇಳೀದಿ. ಣಮೋಕಾರ ಮಂತ್ರ ಹೇಳಿ ಮಲಗು. ನಾಳಿಂದ ಕೇಳಿ ತಿನ್ನು" ಎಂದರು.

ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. 1978ರಲ್ಲಿ ಸರಕು ಖರೀದಿಗೆ ಮುಂಬಯಿಗೆ ಹೋದಾಗ, ವ್ಯಾಪಾರದ ಸಂಬಂಧಿಯೊಬ್ಬರು ಕೇಕು ಮುಂದಿಟ್ಟರು. ಅದರಲ್ಲಿ ತತ್ತಿ ಇರುವುದು ಗೊತ್ತಿದ್ದೂ, ಬೇಡವೆನ್ನಲು ನಾಚಿ ತಿಂದೆವು. ತಾಯಿಯವರಿಗೆ ಹೇಳಲಿಲ್ಲ, ಅವರು ತೀರಿಹೋದರು. ಹದಿನಾರು ವರ್ಷದ ಹುಡುಗಿ ಅದೇ ದಿನ ಹೇಳಿದ್ದಳು. ಬೆಳಿಗ್ಗೆ ಮನೆಯವರ ಮುಂದೆ ಒಪ್ಪಿಕೊಂಡೆವು. "ಹೇಳಾಕ ನಲವತ್ತೈದು ವರ್ಷ ಬೇಕಾತೇನ್ರೀ?" ಎಂದು ಚಹಾ ಕೊಟ್ಟರು.

ಮರುದಿನ ಹುಡುಗಿ ತನ್ನ ಶಿಕ್ಷಕಿಯನ್ನು ಕೇಳಿ ಜರ್ಮನ್ ಭಾಷೆಯಲ್ಲಿ ಒಂದು ಚೀಟಿ ಬರೆದಳು: ಮಾಂಸ, ಮೀನು, ತತ್ತಿ, ಜೆಲಾಟಿನ್, ನೆಲದೊಳಗೆ ಬೆಳೆಯುವ ಗಡ್ಡೆ ತಿನ್ನುವುದಿಲ್ಲ. ಅದನ್ನು ಅಡಿಗೆಮನೆಯ ಬಾಗಿಲಿಗೆ ಒಯ್ದಳು. ಅಲ್ಲಿನ ಹೆಂಗಸು ಎರಡು ಸಲ ಓದಿ, ಬಟಾಟಿಯೂ ಇಲ್ಲವೇ ಎಂದು ಬೆರಗಾದಳಂತೆ. ಆ ದೇಶದಲ್ಲಿ ಬಟಾಟಿ ನಮ್ಮ ಅನ್ನವಿದ್ದಂತೆ. ಅಂದಿನಿಂದ ಆಕೆ ತಾನೇ ಪಾತ್ರೆ ತೋರಿಸಿ ಇದು ನಡೆಯುತ್ತದೆ, ಇದು ಇಲ್ಲ ಎನ್ನತೊಡಗಿದಳು. ಅನ್ನ, ಬ್ರೆಡ್ಡು, ಬೆಣ್ಣೆ, ಟೊಮೆಟೊ, ಸೌತೆ, ಹಣ್ಣುಗಳ ಮೇಲೆ ಮೂರು ವಾರ ಕಳೆದವು. ಕೋಣೆಯ ಗೆಳತಿಗೆ ಕಡಕ್ ರೊಟ್ಟಿಯ ರುಚಿ ಹತ್ತಿತು.

ಫೋನಿನಲ್ಲಿ ನಾವೂ ಅವಳಿಗೊಂದು ಮಾತು ಹೇಳಿದೆವು. ಜರ್ಮನಿಯ ಹರ್ಮನ್ ಯಾಕೋಬಿ ಪ್ರಾಕೃತ ಕಲಿತು ಆಚಾರಾಂಗ, ಕಲ್ಪಸೂತ್ರಗಳನ್ನು 1884ರಲ್ಲಿ ಇಂಗ್ಲಿಷಿಗೆ ತಂದರು. ನಮ್ಮ ಮಾನ್ಯಖೇಟದಲ್ಲಿ, ಅಂದರೆ ಈಗಿನ ಮಳಖೇಡದಲ್ಲಿ, ಪುಷ್ಪದಂತ ಕವಿ ರಚಿಸಿದ ಅಪಭ್ರಂಶ ಮಹಾಪುರಾಣದ ಹರಿವಂಶ ಭಾಗವನ್ನು ಲುಡ್ವಿಗ್ ಆಲ್ಸ್‌ಡಾರ್ಫ್ 1936ರಲ್ಲಿ ಹ್ಯಾಂಬುರ್ಗಿನಲ್ಲಿ ಅಚ್ಚುಹಾಕಿಸಿದರು. ಅಷ್ಟು ದೂರದವರು ನಮ್ಮ ಭಾಷೆ ಕಲಿತರು. ನೀನು ಅವರದನ್ನು ಕಲಿ, ಅಂಜಬೇಡ ಎಂದೆವು.

ಬಂಧುಗಳೇ, ಅಲ್ಲಿ ನಮ್ಮಂತೆ ಹಸಿರು ಚುಕ್ಕಿಯ ಕಡ್ಡಾಯವಿಲ್ಲ. 'ವೆಗೆಟಾರಿಶ್' ಎಂದರೂ ತತ್ತಿ ಇದ್ದೀತು. ಕೆಲವು ಚೀಸುಗಳಿಗೆ ಕರುವಿನ ಜಠರದ ಹೆಪ್ಪು ಹಾಕುತ್ತಾರೆ. ಆದ್ದರಿಂದ ಡಬ್ಬಿಯ ಜೊತೆಗೆ ಒಂದು ವಾಕ್ಯವನ್ನೂ ಕಟ್ಟಿ ಕಳಿಸಿರಿ: "ವಾಸ್ ಇಸ್ಟ್ ದಾ ದ್ರಿನ್?" ಎಂದರೆ "ಇದರಾಗ ಏನೇನದ?" ಕೇಳಲು ನಾಚಿಕೆಯಿಲ್ಲ. ಇನ್ನೊಂದು ಮಾತು ಹಿರಿಯರಿಗೆ. ಮಕ್ಕಳು ತಪ್ಪಿ ನಡೆದ ದಿನ ಅಂಜದೆ ಫೋನು ಮಾಡುವಂತೆ ನಾವು ಇರಬೇಕು. ಅಂದು ನಾವು ಬೈದಿದ್ದರೆ ಹುಡುಗಿ ಮುಂದಿನ ಸಲ ಮುಚ್ಚಿಡುತ್ತಿದ್ದಳು, ನಾವು ಮುಚ್ಚಿಟ್ಟ ಹಾಗೆ.