ಸೋಲೂರಿನಿಂದ ಜಾನಪದ ಲೋಕಕ್ಕೆ

ಸೋಲೂರಿನಿಂದ ಮಾಗಡಿಯ ಮಾರ್ಗವಾಗಿ ರಾಮನಗರಕ್ಕೆ ಪಯಣಿಸುವವನಿಗೆ, ಹೆಬ್ಬಂಡೆಗಳ ಸೀಮೆಯನ್ನು ಹಾದುಹೋಗುವ ಆ ದಾರಿಯೇ ಒಂದು ಪೀಠಿಕೆಯಂತಿರುವುದು. ಏಕೆಂದರೆ ಅದು ಕೊನೆಗೆ ಮುಟ್ಟಿಸುವುದು ಬೆಂಗಳೂರು–ಮೈಸೂರು ಹೆದ್ದಾರಿಯ ಮಗ್ಗುಲಲ್ಲಿ 15 ಎಕರೆಯಷ್ಟು ನೆಲದಲ್ಲಿ ಹರಡಿರುವ ಜಾನಪದ ಲೋಕಕ್ಕೆ. ಆಡಳಿತಾಧಿಕಾರಿಯಾಗಿದ್ದೂ ಹಳ್ಳಿಗರ ಹಾಡುಗಳನ್ನು ಅರಸಿ ಧ್ವನಿಮುದ್ರಿಸಿಕೊಂಡ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ, 1994ರಲ್ಲಿ ಈ ಲೋಕವನ್ನೂ ಕಟ್ಟಿ ನಿಲ್ಲಿಸಿದರು.

ಅಲ್ಲಿನ ವಸ್ತುಸಂಗ್ರಹಾಲಯವಾದ ಲೋಕಮಹಲಿನ ವಾದ್ಯಗಳ ಮುಂದೆ ನಾನು ಬಹಳ ಹೊತ್ತು ನಿಂತೆನು. ಮಾದೇಶ್ವರನ ಗುಡ್ಡರ ಕಂಸಾಳೆಯನ್ನೇ ನೋಡಿರಿ: ಎಡ ಅಂಗೈಯಲ್ಲಿ ಬಟ್ಟಲಿನಾಕಾರದ ಕಂಚು, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆಯ ತಾಳ, ಇವೆರಡರ ಘರ್ಷಣದಿಂದ ಲಯವೂ, ದಾರದ ಬೀಸಿನಿಂದ ನರ್ತನವೂ ಒಟ್ಟಿಗೆ ಜನಿಸುವುವು. ಎಲ್ಲಮ್ಮನ ಚೌಡಿಕೆ, ಬೀರಪ್ಪನ ಡೊಳ್ಳು, ಜೋಗಿಗಳ ಕಿನ್ನರಿ—ಒಂದೊಂದು ವಾದ್ಯವೂ ಒಂದೊಂದು ದೈವದ, ಒಂದೊಂದು ಪರಂಪರೆಯ ಸ್ವತ್ತು.

ಆದರೆ ಗಾಜಿನ ಹಿಂದಿನ ವಾದ್ಯ ಮೌನಿ. ಅಮೆರಿಕೆಯ ನ್ಯಾಶ್‌ವಿಲ್ಲಿನಲ್ಲಿ ಹಳ್ಳಿಗಾಡಿನ ಸಂಗೀತದ ವಸ್ತುಸಂಗ್ರಹಾಲಯಕ್ಕೆ ಸಮೀಪದಲ್ಲಿಯೇ ಬ್ರಾಡ್‌ವೇ ಎಂಬ ಬೀದಿ ಇದ್ದು, ಇರುಳಾದೊಡನೆ ಅಲ್ಲಿನ ಪಾನಗೃಹಗಳು ಅದೇ ಸಂಗೀತದಿಂದ ತುಂಬುವುವಂತೆ. ನಮ್ಮಲ್ಲಿಯೂ ಜಾನಪದ ಸಂಗೀತದ ನಿಜವಾದ ಕಾಲ ರಾತ್ರಿಯೇ; ಅದರ ತಾಣವು ಮಾತ್ರ ಜಾತ್ರೆಯ ಬಯಲು, ಮನೆಯ ಜಗುಲಿ. ನೀಲಗಾರರು ತಂಬೂರಿ, ಗಗ್ಗರ, ಡಕ್ಕೆಗಳೊಡನೆ ಮಂಟೇಸ್ವಾಮಿಯ ಕಥೆಯನ್ನು ಆರಂಭಿಸಿದರೆ, ಕೇಳುವವರು ಕಂಬಳಿ ಹೊದ್ದು ಬೆಳಗಿನ ಕೋಳಿ ಕೂಗುವವರೆಗೂ ಕುಳಿತಿರುವರು. ಲೋಕದ ಬಯಲು ರಂಗಮಂದಿರದಲ್ಲಿ ಪ್ರದರ್ಶನವಿರುವ ದಿನವನ್ನು ವಿಚಾರಿಸಿಕೊಂಡು ಹೋಗುವುದು ಮೇಲು. ಹಗಲು ಕಂಡ ಕಂಸಾಳೆಯ ದನಿಯನ್ನು ಅಂದು ಕಿವಿಯಾರೆ ಕೇಳಬಹುದು.