ಮೊಮ್ಮಗ ಗಾಂಜಾ ಬಿಟ್ಟಾಗ ನಾವು ಕಲಿತದ್ದು

ನಾನು 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಬಿಕಾಂ ಓದಿದ್ದು, ಲೆಕ್ಕ ಬರೆದದ್ದು ಬಿಟ್ಟರೆ ಬೇರೆ ವಿದ್ಯೆ ನನಗೆ ಗೊತ್ತಿಲ್ಲ. ವೈದ್ಯನೂ ಅಲ್ಲ, ಸಮಾಲೋಚಕನೂ ಅಲ್ಲ. ಆದರೂ ಇದನ್ನು ಬರೆಯುವುದಕ್ಕೆ ಕಾರಣವಿದೆ. ಎರಡು ವರ್ಷದ ಹಿಂದೆ ನನ್ನ ಮೊಮ್ಮಗ ಗಾಂಜಾ ಚಟಕ್ಕೆ ಬಿದ್ದಿದ್ದ. ಆಗ ಅವನಿಗೆ ಹದಿನೇಳು ವರ್ಷ. ಅದರಿಂದ ಅವನು ಹೊರಗೆ ಬರುವಾಗ ಮನೆಯವರಾದ ನಾವು ಒಂದಷ್ಟು ಸರಿ ಮಾಡಿದೆವು, ಒಂದಷ್ಟು ತಪ್ಪು ಮಾಡಿದೆವು. ಎರಡೂ ಬೇರೆಯವರಿಗೆ ಉಪಯೋಗವಾಗಬಹುದು. ಬರೆದ ಮೇಲೆ ಅವನಿಗೇ ಓದಲು ಕೊಟ್ಟೆ. ಎರಡು ವಾಕ್ಯ ಹೊಡೆದು ಹಾಕಿ, "ಉಳಿದಿದ್ದು ಇರ್ಲಿ ತಾತ" ಎಂದ.

ನಮ್ಮದು ಸಕಲೇಶಪುರಕ್ಕೂ ಆಲೂರಿಗೂ ನಡುವೆ ಒಂದು ಸಣ್ಣ ಕಾಫಿ ತೋಟ. ಇಂಥ ಪಿಡುಗೆಲ್ಲ ದೊಡ್ಡ ಪಟ್ಟಣಗಳದ್ದು, ನಮ್ಮ ಗುಡ್ಡಗಾಡಿಗೆ ಬರುವುದಿಲ್ಲ ಎಂದೇ ತಿಳಿದಿದ್ದೆವು. ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದ. ಊರಿನ ಎಲ್ಲರ ಹಾಗೆ ನಾವೂ ಅವನನ್ನು ದೂರದ ಊರಿನ ಪಿಯು ಕಾಲೇಜಿಗೆ ಸೇರಿಸಿ ಹಾಸ್ಟೆಲಿನಲ್ಲಿ ಬಿಟ್ಟು ಬಂದೆವು.

ಪಾಸ್‌ಬುಕ್ಕಿನಲ್ಲಿ ಕಂಡದ್ದು

ಅವನ ಖರ್ಚಿಗೆ ಹಣ ಹಾಕುತ್ತಿದ್ದವನು ನಾನು. ತಿಂಗಳಿಗೊಮ್ಮೆ ಪಾಸ್‌ಬುಕ್ ಬರೆಸಿ ತಂದು ನೋಡುವುದು ನನ್ನ ಹಳೆಯ ಅಭ್ಯಾಸ. ಮೊದಲ ವರ್ಷದ ಡಿಸೆಂಬರ್‌ವರೆಗೆ ತಿಂಗಳಿಗೆ ಒಂದು ಸಲ 500 ರೂಪಾಯಿ ತೆಗೆಯುತ್ತಿದ್ದ. ಜನವರಿಯಿಂದ ಪ್ರತಿ ಶನಿವಾರ 500. ಮಾರ್ಚಿನಲ್ಲಿ ವಾರಕ್ಕೆ ಎರಡು ಸಲ.

ಬೇರೆಯವರ ಖಾತೆಯಲ್ಲಿ ಇಂಥದ್ದು ಕಂಡಿದ್ದರೆ ಆಗಲೇ ಕೇಳುತ್ತಿದ್ದೆ. ಮೊಮ್ಮಗನ ಖಾತೆ ನೋಡಿ, "ಬೆಳೆಯೋ ಹುಡುಗ, ಹಸಿವು ಜಾಸ್ತಿ" ಎಂದುಕೊಂಡು ಪುಸ್ತಕ ಮುಚ್ಚಿಟ್ಟೆ. ಮಗನಿಗೂ ಹೇಳಲಿಲ್ಲ, ಸೊಸೆಗೂ ಹೇಳಲಿಲ್ಲ. ಜೂನ್‌ನಲ್ಲಿ ಹಾಸ್ಟೆಲಿನಿಂದ ಫೋನ್ ಬಂದಾಗ ಎಲ್ಲರಿಗೂ ಸಿಡಿಲು ಹೊಡೆದ ಹಾಗಾಯಿತು. ನನಗೆ ಮಾತ್ರ, ಗೊತ್ತಿದ್ದೂ ಕೇಳಲಿಲ್ಲವಲ್ಲ ಎಂಬ ಸಂಕಟ. ಆ ಐದು ತಿಂಗಳ ಮೌನ ನನ್ನ ತಪ್ಪು. ಹುಡುಗರ ನಿದ್ದೆ, ಊಟ, ಗೆಳೆಯರು, ಹಣ ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಬದಲಾದರೆ ಗದರಬೇಕಾಗಿಲ್ಲ. ಕೂರಿಸಿಕೊಂಡು ಕೇಳಬೇಕು.

ಆಸ್ಪತ್ರೆಗೆ ಹೋದರೆ ಕೇಸ್ ಆಗುತ್ತದೆಯೇ?

ನನ್ನ ಮಗನ ಮೊದಲ ಭಯ ಇದೇ. "ಡಾಕ್ಟರ ಹತ್ರ ಹೋದ್ರೆ ಪೊಲೀಸ್ನೋರಿಗೆ ಗೊತ್ತಾಗುತ್ತೆ, ಹುಡುಗನ ಭವಿಷ್ಯ ಹಾಳು" ಎಂದ. ಪರಿಚಯದ ವಕೀಲರನ್ನು ಕೇಳಿದೆವು. ಮಾದಕ ವಸ್ತುಗಳ ಬಗ್ಗೆ ನಮ್ಮಲ್ಲಿರುವ ಕಾನೂನು 1985ರದ್ದು. ಸೇವನೆಯೂ ಅದರಲ್ಲಿ ಅಪರಾಧವೇ. ಆದರೆ ಅದೇ ಕಾನೂನಿನ 64ಎ ಕಲಂ ಇನ್ನೊಂದು ಮಾತು ಹೇಳುತ್ತದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವುದಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ಹಿಂದಕ್ಕೆ ಹೋಗಬಹುದು. ಇನ್ನು ಮಕ್ಕಳಿಗೆ ಇಂಥ ವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಉಂಟು.

ಊರಿನಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ಒಬ್ಬರು ಗೊತ್ತಾಗದ ಹಾಗೆ ಕಾಫಿಯಲ್ಲಿ ಬೆರೆಸುವ ಪುಡಿ ತಂದುಕೊಟ್ಟರು. ಇನ್ನೊಬ್ಬರು, ಹುಡುಗರನ್ನು ಕೂಡಿ ಹಾಕಿ ಬುದ್ಧಿ ಕಲಿಸುವ ಜಾಗ ಒಂದಿದೆ ಎಂದರು. ಎರಡೂ ಬೇಡ ಎಂದೆ. ಏನು ಔಷಧಿ ಎಂದು ತಿಳಿಯದೆ ಕೊಡುವುದು ಪ್ರಾಣಕ್ಕೆ ಅಪಾಯ. ವ್ಯಸನದ ಚಿಕಿತ್ಸೆಯೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಅಡಿಯಲ್ಲೇ ಬರುತ್ತದೆ. ಒಳರೋಗಿಗಳನ್ನು ಇಟ್ಟುಕೊಳ್ಳುವ ಕೇಂದ್ರ ನೋಂದಣಿಯಾಗಿರಬೇಕು. ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ಹದಿನೆಂಟು ತುಂಬದವರನ್ನು ದೊಡ್ಡವರಿಂದ ಬೇರೆಯಾಗಿ ಇಡಬೇಕು, ಅವರ ಕಡೆಯವರೊಬ್ಬರು ಜೊತೆಯಲ್ಲಿ ಇರಲೇಬೇಕು. "ಬಿಟ್ಟು ಹೋಗಿ, ಮೂರು ತಿಂಗಳು ಈ ಕಡೆ ಬರಬೇಡಿ" ಎನ್ನುವ ಜಾಗಕ್ಕೆ ಮಗುವನ್ನು ಒಪ್ಪಿಸಬೇಡಿ.

ನಾವು ಹಾಸನದ ಮನೋವೈದ್ಯರೊಬ್ಬರಲ್ಲಿಗೆ ಹೋದೆವು. ಅವರು ಹುಡುಗನೊಬ್ಬನನ್ನೇ ಮುಕ್ಕಾಲು ಗಂಟೆ ಮಾತಾಡಿಸಿದರು. ಗಾಂಜಾ ಬಿಟ್ಟರೆ ಬೇರೆ ಏನೂ ಇಲ್ಲ ಎಂದು ಖಚಿತ ಮಾಡಿಕೊಂಡ ಮೇಲೆ, ಮನೆಯಲ್ಲೇ ಇಟ್ಟುಕೊಂಡು ಬಿಡಿಸಬಹುದು ಎಂದರು. ವಾರವಾರ ಕರೆತರಲು ಹೇಳಿದರು. ಹೊರಡುವಾಗ ನಮ್ಮನ್ನು ಕರೆದು, "ಎರಡು ವಾರ ಇವನು ಏನು ಮಾಡಿದರೂ ಅದನ್ನು ಸ್ವಭಾವ ಅಂತ ತಿಳೀಬೇಡಿ. ಜ್ವರ ಬಂದಿದೆ ಅಂತ ತಿಳೀರಿ" ಎಂದರು.

ಆ ಎರಡು ವಾರ

ದಿನಾ ಗಾಂಜಾ ಸೇದುತ್ತಿದ್ದವರು ನಿಲ್ಲಿಸಿದರೆ ಒಂದರಿಂದ ಮೂರು ದಿನದೊಳಗೆ ಕಷ್ಟ ಶುರುವಾಗುತ್ತದೆ. ಸಿಡುಕು, ಚಡಪಡಿಕೆ, ಬೆವರು, ತಲೆನೋವು, ಊಟ ಸೇರದಿರುವುದು, ನಿದ್ದೆ ಬಾರದಿರುವುದು. ಮೊದಲ ವಾರ ಹೆಚ್ಚು. ಸಾಮಾನ್ಯವಾಗಿ ಎರಡು ವಾರಕ್ಕೆ ಇಳಿಯುತ್ತದೆ. ನಿದ್ದೆಯ ತೊಂದರೆ ಮಾತ್ರ ತಿಂಗಳು ದಾಟಿದರೂ ಇರಬಹುದು.

ಹೊರಗೆ ಜೋರು ಮಳೆ, ವಾರಗಟ್ಟಲೆ ಬಿಸಿಲಿಲ್ಲ. ಎರಡನೆಯ ದಿನ ತಂಗಿ ಟಿವಿ ಹಾಕಿದ್ದಕ್ಕೆ ರಿಮೋಟ್ ಎತ್ತಿ ಗೋಡೆಗೆ ಹೊಡೆದ. ನಾಲ್ಕನೆಯ ದಿನ ಸೊಸೆ ಕಡುಬು ಮಾಡಿ ಕರೆದರೆ ತಟ್ಟೆ ತಳ್ಳಿ ಎದ್ದ. ಅವಳು ಅಡುಗೆಮನೆಗೆ ಹೋಗಿ ಅತ್ತಳು. ಆಮೇಲೆ ಊಟಕ್ಕೆ ಬಲವಂತ ಮಾಡುವುದನ್ನು ಬಿಟ್ಟೆವು. ಎರಡು ಗಂಟೆಗೊಮ್ಮೆ ತೆಳ್ಳಗೆ ಗಂಜಿ, ಮೆಣಸಿನ ಸಾರು, ಮಜ್ಜಿಗೆ ಅವನ ಹತ್ತಿರ ಇಟ್ಟು ಬರುತ್ತಿದ್ದಳು. ಲೋಟ ಖಾಲಿಯಾಗಿರುತ್ತಿತ್ತು.

ಹಗಲಿಗಿಂತ ರಾತ್ರಿ ಕಷ್ಟ. ಗಾಂಜಾ ಬಿಟ್ಟವರಿಗೆ ಕನಸುಗಳು ಜೋರಾಗುತ್ತವೆ ಎಂದು ವೈದ್ಯರು ಮೊದಲೇ ಹೇಳಿದ್ದರು. ಐದನೆಯ ರಾತ್ರಿ ಕಿರುಚಿಕೊಂಡು ಎದ್ದ. ಮೈಯೆಲ್ಲ ಬೆವರು. ನನಗೂ ಈ ವಯಸ್ಸಿನಲ್ಲಿ ನಿದ್ದೆ ಕಡಿಮೆ. ಹಂಡೆ ನೀರು ಬೆಚ್ಚಗಿತ್ತು, ಮುಖ ತೊಳೆಸಿ ಜಗಲಿಯಲ್ಲಿ ಕಂಬಳಿ ಹೊದ್ದು ಇಬ್ಬರೂ ಕೂತೆವು. ಬುದ್ಧಿವಾದ ಹೇಳಲಿಲ್ಲ. ಸುಮಾರು ಹೊತ್ತಾದ ಮೇಲೆ ಅವನೇ, "ನಿಮಗೆ ಗೊತ್ತಿತ್ತಾ ತಾತ?" ಎಂದ. ಪಾಸ್‌ಬುಕ್ಕಿನ ವಿಷಯ ಹೇಳಿದೆ. "ಅವತ್ತೇ ಕೇಳಿದ್ರೆ ಹೇಳ್ತಿದ್ದೆನೋ ಏನೋ" ಎಂದ. ಇನ್ನು ಮುಂದೆ ನಾನು ಕೇಳುತ್ತೇನೆ, ನೀನು ನಿಜ ಹೇಳು ಎಂದು ಅವತ್ತು ನಮ್ಮಿಬ್ಬರ ಮಾತಾಯಿತು.

ಒಂದು ವಿಷಯ ತಿಳಿದಿರಲಿ. ತುಂಬಾ ದಿನ ಸೇದಿದವರ ಮೂತ್ರ ಪರೀಕ್ಷೆಯಲ್ಲಿ, ಬಿಟ್ಟು ಕೆಲವು ವಾರ ಕಳೆದರೂ ಗಾಂಜಾ ಕಾಣಿಸಬಹುದು. ನಮ್ಮ ಮಗ ಔಷಧಿ ಅಂಗಡಿಯಿಂದ ಪಟ್ಟಿ ತಂದು ಮೂರನೆಯ ವಾರ ಪರೀಕ್ಷೆ ಮಾಡಿ, "ಸುಳ್ಳು ಹೇಳ್ತಿದ್ದಾನೆ" ಎಂದು ರಂಪ ಮಾಡಿದ. ಹುಡುಗ ಸುಳ್ಳು ಹೇಳಿರಲಿಲ್ಲ.

ಎಲ್ಲ ಮತ್ತೂ ಒಂದೇ ಅಲ್ಲ

ನಮ್ಮ ಹುಡುಗನದು ಗಾಂಜಾ ಮಾತ್ರ ಆಗಿದ್ದರಿಂದ ಮನೆಯಲ್ಲೇ ನಡೆಯಿತು. ಮದ್ಯಕ್ಕೆ ಅಥವಾ ನಿದ್ದೆಮಾತ್ರೆಗೆ ಒಗ್ಗಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಅದನ್ನು ವೈದ್ಯರೇ ಹಂತಹಂತವಾಗಿ ಬಿಡಿಸಬೇಕು. ಅಫೀಮಿನ ಜಾತಿಯ ಮಾದಕ ಮತ್ತು ನೋವಿನ ಮಾತ್ರೆಗಳನ್ನು ಬಿಟ್ಟಾಗ ಮೈಕೈ ನೋವು, ಭೇದಿ, ಕಣ್ಣು ಮೂಗಿನಲ್ಲಿ ನೀರು. ಇದಕ್ಕೆ ಒಳ್ಳೆಯ ಔಷಧಿಗಳಿವೆ. ಕೆಲವು ವಾರ ಬಿಟ್ಟಿದ್ದು ಮತ್ತೆ ಹಳೆಯ ಪ್ರಮಾಣದಲ್ಲೇ ತೆಗೆದುಕೊಂಡರೆ ದೇಹ ತಡೆಯದೆ ಉಸಿರು ನಿಲ್ಲಬಹುದು.

ವೈಟ್ನರ್, ಪಂಕ್ಚರ್ ಸೊಲ್ಯೂಷನ್ ಮೂಸುವುದನ್ನು ಮಕ್ಕಳಾಟ ಎಂದುಕೊಳ್ಳಬೇಡಿ. ಹೃದಯ ಒಮ್ಮೆಲೇ ನಿಂತ ಉದಾಹರಣೆಗಳಿವೆ. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡ ಮತ್ತು ಇದೊಂದೇ. 10ರಿಂದ 17 ವರ್ಷದವರಲ್ಲಿ ಶೇ. 1.17, ದೊಡ್ಡವರಲ್ಲಿ ಶೇ. 0.58.

ಯಾವುದೇ ಮತ್ತಿರಲಿ, ಹುಡುಗ ಇಲ್ಲದ ಧ್ವನಿ ಕೇಳಿಸುತ್ತದೆ ಎಂದರೆ, ವಿನಾ ಕಾರಣ ಹೆದರಿದರೆ, ಸಾಯುವ ಮಾತಾಡಿದರೆ ಬೆಳಗಾಗುವವರೆಗೆ ಕಾಯಬಾರದು. ಒಬ್ಬನನ್ನೇ ಬಿಡಬಾರದು. ಆಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಅಪ್ಪನ ಅಲಮಾರು

ಒಂದು ತಿಂಗಳಾದ ಮೇಲೆ ಮನೆಯವರೆಲ್ಲ ಕೂತು ಕೆಲವು ಮಾತು ಗೊತ್ತು ಮಾಡಿಕೊಂಡೆವು. ಹಳೆಯ ನಂಬರುಗಳು ಫೋನಿನಲ್ಲಿ ಇರಬಾರದು. ವಾರಕ್ಕೆ 100 ರೂಪಾಯಿ, ಲೆಕ್ಕ ಅವನೇ ಬರೆಯಬೇಕು. ಬೆಳಿಗ್ಗೆ ತೋಟಕ್ಕೆ ಬರಬೇಕು. ನಮ್ಮ ಕಡೆಯಿಂದ, ಅವನ ಜೇಬು ತಡಕುವುದಿಲ್ಲ, ನೆಂಟರ ಮುಂದೆ ವಿಷಯ ಎತ್ತುವುದಿಲ್ಲ ಎಂದು ಮಾತು ಕೊಟ್ಟೆವು. ಎಲ್ಲ ಮುಗಿದ ಮೇಲೆ ಹುಡುಗ ನಿಧಾನವಾಗಿ, "ಅಪ್ಪಂದು ಬಾಟ್ಲಿ ಅಲಮಾರಲ್ಲೇ ಇರುತ್ತಲ್ಲ?" ಎಂದ.

ನಮ್ಮ ಕಾಫಿ ಸೀಮೆಯಲ್ಲಿ ಮಳೆಗಾಲದ ಸಂಜೆ ಎರಡು ಪೆಗ್ಗು ಎಂದರೆ ಯಾರೂ ಅದನ್ನು ಚಟ ಎನ್ನುವುದಿಲ್ಲ. ಮಗ ಕೆಂಪಗಾಗಿ ಎದ್ದು ಹೋದ. ಮೂರು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೆಯ ದಿನ ನೋಡಿದರೆ ಅಲಮಾರು ಖಾಲಿ. ಬಾಟಲಿಗಳು ಏನಾದವೆಂದು ನಾನೂ ಕೇಳಲಿಲ್ಲ. ಅಪ್ಪ ಮಗ ಒಟ್ಟಿಗೆ ತೋಟಕ್ಕೆ ಹೋಗಲು ಶುರು ಮಾಡಿದ್ದು ಅಲ್ಲಿಂದ ಮುಂದೆ. ಕಾಫಿ ಗಿಡದ ಚಿಗುರು ತೆಗೆಯುತ್ತಾ ಇಬ್ಬರೂ ಏನು ಮಾತಾಡುತ್ತಿದ್ದರೋ ಗೊತ್ತಿಲ್ಲ. ಮಧ್ಯಾಹ್ನ ಬರುವಾಗ ಹುಡುಗನಿಗೆ ಹಸಿವಿರುತ್ತಿತ್ತು.

ಜಾರಿದ ದಿನ

ದೀಪಾವಳಿಗೆ ಹಳೆಯ ಗೆಳೆಯರಿಬ್ಬರು ಈ ಕಡೆ ಪ್ರವಾಸಕ್ಕೆ ಬಂದಿದ್ದರು. ನೋಡಿ ಬರುತ್ತೇನೆ ಎಂದು ಹೋದವನು ರಾತ್ರಿ ಕಣ್ಣು ಕೆಂಪು ಮಾಡಿಕೊಂಡು ಬಂದ. ಮಗ, "ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮ ಆಯ್ತು, ಇವನು ಮನೇಲಿ ಬೇಡ" ಎಂದು ಕೂಗಾಡಿದ. ನಾನು, "ಈಗ ಯಾರೂ ಮಾತಾಡೋದು ಬೇಡ, ಬೆಳಿಗ್ಗೆ ನೋಡೋಣ" ಎಂದೆ.

ಬೆಳಿಗ್ಗೆ ಅವನನ್ನು ಕೇಳಿದೆ. ಜಗಲಿಯ ಮಾತಿನಂತೆ ನಿಜ ಹೇಳಿದ. ಹಾಸನಕ್ಕೆ ಹೋದಾಗ ವೈದ್ಯರು ಬೈಯಲಿಲ್ಲ. ಬಿಪಿ, ಸಕ್ಕರೆ ಕಾಯಿಲೆಯ ಹಾಗೆ ಮತ್ತೆ ತಲೆ ಎತ್ತುವುದು ಇದರ ಗುಣ, ಯಾರ ಜೊತೆ, ಎಲ್ಲಿ, ಯಾವ ಹೊತ್ತಿನಲ್ಲಿ ಮನಸ್ಸು ಸೋತಿತು ಎಂದು ನೋಡಿ ಅಲ್ಲಿ ಬೇಲಿ ಹಾಕಿ ಎಂದರು. ಗೆಳೆಯರು ಕರೆದರೆ ಏನು ಹೇಳಬೇಕು ಎಂಬುದನ್ನು ಹುಡುಗನಿಂದಲೇ ಎರಡು ಮೂರು ಸಲ ಹೇಳಿಸಿದರು. ಒಂದು ದಿನ ಲೆಕ್ಕ ತಾಳೆಯಾಗಲಿಲ್ಲ ಎಂದು ಬ್ಯಾಂಕಿನಲ್ಲಿ ಯಾರೂ ಲೆಡ್ಜರ್ ಸುಡುವುದಿಲ್ಲ. ತಪ್ಪು ಎಲ್ಲಿದೆ ಎಂದು ಹುಡುಕುತ್ತಾರೆ. ಮಗನಿಗೆ ಅದನ್ನೇ ಹೇಳಿದೆ.

ಓದುವ ಮಕ್ಕಳಿಗೆ ಎರಡು ಮಾತು

ಮಕ್ಕಳೇ, ಗೆಳೆಯನೊಬ್ಬ ಇಂಥದ್ದಕ್ಕೆ ಬಿದ್ದಿದ್ದಾನೆ ಎಂದು ಗೊತ್ತಾದರೆ ನಂಬಿಕೆಯ ದೊಡ್ಡವರೊಬ್ಬರಿಗೆ ಹೇಳಿ. ಅದು ಚಾಡಿ ಅಲ್ಲ. ಯಾರಾದರೂ ಮತ್ತಿನಲ್ಲಿ ಎಚ್ಚರ ತಪ್ಪಿದರೆ ಹೆದರಿ ಓಡಬೇಡಿ. ಉಸಿರು ಇದೆಯೇ ನೋಡಿ, ಮಗ್ಗುಲಾಗಿ ಮಲಗಿಸಿ, 108ಕ್ಕೆ ಫೋನ್ ಮಾಡಿ. ಏನು ತೆಗೆದುಕೊಂಡಿದ್ದಾರೆ ಎಂಬುದನ್ನು ಬಂದವರಿಗೆ ಮುಚ್ಚಿಡಬೇಡಿ.

ದೊಡ್ಡವರಿಗೆ ಕೆಲವು ವಿಳಾಸ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬಂದು ನೋಡುವ 'ಮನೋಚೈತನ್ಯ' ಎಂಬ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ. ಯಾವ ದಿನ ಬರುತ್ತಾರೆ ಎಂದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

ನಮ್ಮ ಹುಡುಗನ ಓದು ಒಂದು ವರ್ಷ ನಿಂತಿತು. ಮರುವರ್ಷ ಇಲ್ಲೇ ಹತ್ತಿರದ ಕಾಲೇಜಿಗೆ ಸೇರಿ ಎರಡನೆಯ ಪಿಯು ಮುಗಿಸಿದ. ಈಗ ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬಂದು ಬಿಕಾಂ ಓದುತ್ತಿದ್ದಾನೆ. ಆ ದೀಪಾವಳಿಯ ನಂತರ ಮುಟ್ಟಿಲ್ಲ ಎನ್ನುತ್ತಾನೆ. ನಾನು ನಂಬುತ್ತೇನೆ, ಕೇಳುವುದನ್ನೂ ಬಿಟ್ಟಿಲ್ಲ. ಮೊನ್ನೆ ಪಾಸ್‌ಬುಕ್ ಬರೆಸಿಕೊಂಡು ತಾನೇ ತಂದು ತೋರಿಸಿದ. ಕನ್ನಡಕ ಹಾಕಿಕೊಂಡು ನೋಡಿದೆ. ಒಂದೇ ವಾರದಲ್ಲಿ ಮೂರು ಸಲ 60 ರೂಪಾಯಿ.

"ಇದೇನು ಮಗ?"

"ಪರೋಟ ತಾತ. ಬಸ್‌ಸ್ಟ್ಯಾಂಡ್ ಹತ್ರ."

"ಮನೇಲಿ ಅಕ್ಕಿ ರೊಟ್ಟಿ ಮಾಡಿದ್ರೆ ಬೇಡ ಅಂತೀಯ" ಎಂದು ಬೈದು ಪುಸ್ತಕ ವಾಪಸು ಕೊಟ್ಟೆ.