ಮೂವತ್ತೈದು ಡಾಲರಿನ ಪೆಟ್ರೋಲ್ ಟ್ಯಾಂಕು

ಜಪಾನಿನ ನೌಕಾ ದಂಡನಾಯಕ ಯಾಮಾಮೋಟೊ ಪ್ರಯಾಣಿಸುತ್ತಿದ್ದ ವಿಮಾನವನ್ನು ಹೊಡೆದುರುಳಿಸಲು 1943ರ ಏಪ್ರಿಲ್ 18ರಂದು ಅಮೆರಿಕದ ಪಿ-38 ಯುದ್ಧವಿಮಾನಗಳು ಪೆಸಿಫಿಕ್ ಸಾಗರದ ಗ್ವಾಡಲ್‌ಕೆನಾಲ್ ದ್ವೀಪದಿಂದ ಹೊರಟವು. ದಾರಿ ದೂರದ್ದು, ವಿಮಾನದೊಳಗಿನ ಪೆಟ್ರೋಲು ಸಾಲದು. ಆದ್ದರಿಂದ ರೆಕ್ಕೆಯಡಿ ಒಂದು ಕಡೆ 165 ಗ್ಯಾಲನ್, ಇನ್ನೊಂದು ಕಡೆ 310 ಗ್ಯಾಲನ್ ಹಿಡಿಯುವ ಹೆಚ್ಚುವರಿ ಟ್ಯಾಂಕುಗಳನ್ನು ತೂಗುಹಾಕಿದ್ದರು. ದೊಡ್ಡದರಲ್ಲಿ ಸುಮಾರು 1,170 ಲೀಟರ್ ತುಂಬುತ್ತದೆ. ಹೋಗುವಾಗ ಅದರ ಎಣ್ಣೆ ಸುಡುವುದು, ಶತ್ರು ಕಂಡೊಡನೆ ಕಳಚಿ ಬೀಳಿಸುವುದು. ಉಂಡೆಲೆಯ ಹಾಗೆ ಬಿಸಾಡಲೆಂದೇ ಮಾಡಿದ ವಸ್ತು ಇದು. ಹೆಸರೇ ಡ್ರಾಪ್ ಟ್ಯಾಂಕ್.

ಯುದ್ಧ ಮುಗಿದಾಗ ಬಳಸದೆ ಉಳಿದ ಇಂಥ ಟ್ಯಾಂಕುಗಳು ಮಿಲಿಟರಿ ಡಿಸ್ಪೋಸಲ್ ಅಂಗಳಗಳಲ್ಲಿ ರಾಶಿ ಬಿದ್ದವು. ನಮ್ಮಲ್ಲಿ ಡಿಸ್ಪೋಸಲ್ ಎಂದರೆ ಜೀಪು ನೆನಪಾಗುತ್ತದೆ. ಕ್ಯಾಲಿಫೋರ್ನಿಯದ ಕೆಲವು ಹುಡುಗರಿಗೆ ಈ ಟ್ಯಾಂಕಿನ ಮೇಲೆ ಕಣ್ಣುಬಿತ್ತು. ಅವರಲ್ಲಿ ಮೊದಲಿಗ ಬಿಲ್ ಬರ್ಕ್. ಯುದ್ಧಕಾಲದಲ್ಲಿ ಕರಾವಳಿ ಕಾವಲು ಪಡೆಯಲ್ಲಿದ್ದ ಬರ್ಕ್ ದಕ್ಷಿಣ ಪೆಸಿಫಿಕ್‌ನಲ್ಲಿ ಈ ಟ್ಯಾಂಕುಗಳನ್ನು ಕಂಡಿದ್ದ. ಊರಿಗೆ ಮರಳಿದವನು 1946ರಲ್ಲಿ 165 ಗ್ಯಾಲನ್ನಿನದೊಂದನ್ನು 35 ಡಾಲರಿಗೆ ಕೊಂಡು, ಕೊಯ್ದು, ಒಳಗೆ ಫೋರ್ಡ್ ವಿ-8 ಎಂಜಿನ್ ಕೂರಿಸಿ, ನಾಲ್ಕು ಚಕ್ರ ಹಾಕಿ ಓಡಿಸಿಯೇಬಿಟ್ಟ. ಗಂಟೆಗೆ 130 ಮೈಲಿ, ಅಂದರೆ 210 ಕಿಲೋಮೀಟರಿನ ಆಸುಪಾಸಿನ ವೇಗ ಸಿಕ್ಕಿತು.

ಅವನ ತಲೆಯಲ್ಲಿ ಏನು ಓಡುತ್ತಿತ್ತು ಎಂದು ತಿಳಿಯಲು ಅಲ್ಲಿನ ಒಣಕೆರೆಗಳ ಕಥೆ ಗೊತ್ತಿರಬೇಕು. ಮೊಹಾವಿ ಮರುಭೂಮಿಯ ಮ್ಯೂರಾಕ್, ಎಲ್ ಮಿರಾಜ್‌ಗಳಂಥ ಬತ್ತಿದ ಕೆರೆಗಳ ತಳ ಗಟ್ಟಿ ಜೇಡಿಮಣ್ಣಿನದು, ಮೈಲಿಗಟ್ಟಲೆ ಸಮತಟ್ಟು. ಹಳೆಯ ಫೋರ್ಡ್ ಕಾರುಗಳ ಮಡ್‌ಗಾರ್ಡು, ಬಂಪರು ಕಿತ್ತು, ಎಂಜಿನ್ ಕೆದಕಿ, ಅಲ್ಲಿ ವೇಗ ಅಳೆಸುವ ಹುಚ್ಚು ಯುದ್ಧಕ್ಕೂ ಮೊದಲಿನದು. ಇದಕ್ಕೊಂದು ಶಿಸ್ತು ತರಲು ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ 1937ರಲ್ಲೇ ಹುಟ್ಟಿತ್ತು. ಮ್ಯೂರಾಕ್ ಮುಂದೆ ವಾಯುಪಡೆಯ ಪಾಲಾಯಿತು. 1949ರಿಂದ ಯೂಟಾ ರಾಜ್ಯದ ಬಾನೆವಿಲ್ ಉಪ್ಪಿನ ಬಯಲಿನಲ್ಲಿ ವೇಗದ ವಾರ ಶುರುವಾಯಿತು.

ಎಂಜಿನ್ ಕೆದಕುವುದಕ್ಕೊಂದು ಮಿತಿಯುಂಟು. ಅಡ್ಡ ಬರುವುದು ಗಾಳಿ. ವೇಗ ಇಮ್ಮಡಿಯಾಗಬೇಕಾದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಚಪ್ಪಟೆ ಮೂತಿಯ ಹಳೇ ಫೋರ್ಡ್ ಇಟ್ಟುಕೊಂಡು ಎಷ್ಟೆಂದು ಗುದ್ದಾಡುವುದು? ಗಾಳಿಗೆ ಜಾರುವ ಮೈಯನ್ನು ಹೊಸದಾಗಿ ತಗಡು ಬಡಿದು ಮಾಡಲು ದುಡ್ಡಾಗಲಿ ಗಣಿತವಾಗಲಿ ಆ ಹುಡುಗರ ಬಳಿ ಇರಲಿಲ್ಲ. ಯುದ್ಧವಿಮಾನಕ್ಕೆ ಭಾರವಾಗದಂತೆ, ಗಾಳಿಗೆ ತಡೆಯಾಗದಂತೆ ರೂಪಿಸಿದ ಟ್ಯಾಂಕಿನಲ್ಲಿ ಆ ದುಡ್ಡೂ ಗಣಿತವೂ ಸೇರಿಯೇ ಬಂದಿದ್ದವು.

ಇದನ್ನು ‘ಕಸದಿಂದ ರಸ’ದ ಪಟ್ಟಿಗೆ ಸೇರಿಸುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಸರ್ಕಾರದ ಎಂಜಿನಿಯರಿಂಗ್ ಹಣವೆಲ್ಲ ಸುರಿದ ಆಕಾರವದು. ಮಾರುವವನು ಅದನ್ನು ತಗಡಿನ ಬೆಲೆಗೆ ಕೊಡುತ್ತಿದ್ದ, ಕೊಳ್ಳುವವನಿಗೆ ಅದರ ನಿಜವಾದ ಬೆಲೆ ಗೊತ್ತಿತ್ತು. ಜಾಣತನವೆಲ್ಲ ಆ ವ್ಯಾಪಾರದಲ್ಲಿದೆ.

ಬರ್ಕ್‌ನ ಮೊದಲ ಟ್ಯಾಂಕು ಚಿಕ್ಕದಾಯಿತು. ಎಂಜಿನ್ ಮುಂದೆ ಕೂತಿದ್ದರಿಂದ ಓಡಿಸುವವನ ಮೈ ಅರ್ಧ ಹೊರಗೇ ಉಳಿಯುತ್ತಿತ್ತು, ಉಳಿಸಿದ ಗಾಳಿಯ ತಡೆ ಅಲ್ಲೇ ವಾಪಸು ಬರುತ್ತಿತ್ತು. ಎರಡನೆಯದಕ್ಕೆ ಪಿ-38ರ ದೊಡ್ಡ ಟ್ಯಾಂಕನ್ನೇ ಹಿಡಿದ. ಈ ಸಲ ಮನುಷ್ಯ ಮುಂದೆ, ಎಂಜಿನ್ ಅವನ ಬೆನ್ನ ಹಿಂದೆ. ಹೊರಗೆ ಕಾಣುವುದು ತಲೆ ಮತ್ತು ಚಕ್ರಗಳು ಮಾತ್ರ. ಮುಂದೆ ಬಂದವರಿಗೆಲ್ಲ ಇದೇ ಮಾದರಿಯಾಯಿತು. ಮುಚ್ಚಿರದ ಚಕ್ರಗಳ ಈ ಗಾಡಿಗಳಿಗೆ ಲೇಕ್‌ಸ್ಟರ್ ಎಂಬ ಹೆಸರೂ, ಸ್ಪರ್ಧೆಯಲ್ಲಿ ಪ್ರತ್ಯೇಕ ವರ್ಗವೂ ದಕ್ಕಿದವು.

ಕೆಲಸ ಹೇಳಿದಷ್ಟು ಸಲೀಸಲ್ಲ. ಟ್ಯಾಂಕು ತೆಳು ತಗಡಿನದು, ಎರಡು ಅರೆಗಳನ್ನು ಸೇರಿಸಿ ಮಾಡಿದ್ದು. ಭಾರ ಹೊರುವ ತಾಕತ್ತು ಅದಕ್ಕಿಲ್ಲ. ಆದ್ದರಿಂದ ಕೆಳಗೆ ಬೇರೆ ಚಾಸಿ ಬೇಕು, ಎಂಜಿನ್ನು, ಆಕ್ಸಲ್ಲು ಎಲ್ಲ ಅದರ ಮೇಲೆ. ಟ್ಯಾಂಕು ಬರೀ ಹೊದಿಕೆ. ಇನ್ನು, ಒಮ್ಮೆ ಪೆಟ್ರೋಲು ತುಂಬಿದ್ದ ಟ್ಯಾಂಕಾದರೆ ಕೊಯ್ಯುವ ಮುನ್ನ ಹುಷಾರು. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕೇ ಅಪಾಯ, ಏಕೆಂದರೆ ಒಳಗೆ ಉಳಿದ ಆವಿ ಗಾಳಿಯೊಡನೆ ಬೆರೆತಿರುತ್ತದೆ. ವೆಲ್ಡಿಂಗಿನ ಒಂದು ಕಿಡಿ ಸಾಕು. ತೊಳೆದು, ಹಬೆ ಹಾಯಿಸಿ ಆವಿ ಹೊರಹಾಕದೆ ಬೆಂಕಿ ಹತ್ತಿರ ತರುವಂತಿಲ್ಲ. ನಮ್ಮೂರುಗಳ ಟಿಂಕರಿಂಗ್ ಶೆಡ್ಡುಗಳಲ್ಲೂ ಪೆಟ್ರೋಲ್ ಟ್ಯಾಂಕಿಗೆ ಬೆಸುಗೆ ಹಾಕುವವರು ಪಾಲಿಸಬೇಕಾದ ನಿಯಮ ಇದೇ.

ಇಲ್ಲೊಂದು ತಮಾಷೆಯಿದೆ. ಸಾವಿರ ಲೀಟರ್ ಹಿಡಿಯುತ್ತಿದ್ದ ಟ್ಯಾಂಕು ಕಾರಾದ ಮೇಲೆ ಅದಕ್ಕೊಂದು ಪೆಟ್ರೋಲ್ ಟ್ಯಾಂಕು ಬೇಕಾಯಿತು. ಓಟ ಕೆಲವೇ ಮೈಲಿ, ನಾಲ್ಕಾರು ಗ್ಯಾಲನ್ ಇದ್ದರೆ ಧಾರಾಳ. ಹಾಗಾಗಿ ಟ್ಯಾಂಕಿನ ಹೊಟ್ಟೆಯಲ್ಲಿ ಪುಟ್ಟ ಟ್ಯಾಂಕು. ಇದಕ್ಕೂ ಹಾಟ್‌ರಾಡ್ (ವೇಗಕ್ಕೆಂದು ಕೆದಕಿದ ಹಳೇ ಕಾರು) ಹುಡುಗರು ಸೈನ್ಯದ ಗುಜರಿಯನ್ನೇ ಜಾಲಾಡಿದರು. ಡ್ರೈವರ್ ಕೈಪಂಪಿನಿಂದ ಪುಟ್ಟ ಟ್ಯಾಂಕಿನೊಳಕ್ಕೆ ಒಂದಿಷ್ಟು ಗಾಳಿ ಒತ್ತಿದರೆ ಆ ಒತ್ತಡಕ್ಕೆ ಪೆಟ್ರೋಲು ಕಾರ್ಬ್ಯುರೇಟರಿಗೆ ಹರಿಯುತ್ತಿತ್ತು. ಒತ್ತಡ ತಡೆಯುವ ಗುಂಡನೆಯ ಮೈ ಬೇಕು, ಎಣ್ಣೆ ಅತ್ತಿತ್ತ ಹೊಯ್ದಾಡದಂತೆ ಒಳಗೆ ಅಡ್ಡತಗಡು ಬೇಕು. ಮುಂದೆ ಡೀನ್ ಮೂನ್ ಎಂಬಾತ ಅಲ್ಯೂಮಿನಿಯಂ ತಗಡನ್ನು ತಿರುಗಣಿಯಲ್ಲಿ ರೂಪಿಸಿ ಇಂಥ ಪುಟ್ಟ ಟ್ಯಾಂಕುಗಳನ್ನೇ ಮಾಡಿ ಮಾರತೊಡಗಿದ. ಮೂನ್ ಟ್ಯಾಂಕ್ ಹಾಟ್‌ರಾಡ್‌ಗಳ ಮೂತಿಯ ಒಡವೆಯೇ ಆಗಿಹೋಯಿತು. ಎಣ್ಣೆ ತುಂಬದೆ ಬರೀ ಚೆಂದಕ್ಕೆ ತೂಗಿಸಿಕೊಳ್ಳುವವರೂ ಹುಟ್ಟಿಕೊಂಡರು. ಟ್ಯಾಂಕೊಂದೇ ಅಲ್ಲ, ಬಾಂಬರ್ ವಿಮಾನದ ಸೀಟು, ಪೈಲಟ್ಟಿನ ಸೊಂಟಪಟ್ಟಿಗಳೂ ಗುಜರಿಯಿಂದಲೇ ಬಂದು ಕಾರು ಸೇರಿದವು.

ಈ ಪರಂಪರೆಯ ಅತಿ ಹೆಸರಾದ ಗಾಡಿ ಅಲೆಕ್ಸ್ ಝೈಡಿಯಸ್ ಅವರದು. ವಾಯುಪಡೆಯ ಸೇವೆ ಮುಗಿಸಿ 1946ರಲ್ಲಿ ಅವರು ಸೋ-ಕ್ಯಾಲ್ ಸ್ಪೀಡ್ ಶಾಪ್ ಎಂಬ ಬಿಡಿಭಾಗಗಳ ಅಂಗಡಿ ತೆರೆದಿದ್ದರು. ಅವರ ಬೆಲ್ಲಿ ಟ್ಯಾಂಕ್ (ಡ್ರಾಪ್ ಟ್ಯಾಂಕಿಗೆ ಇನ್ನೊಂದು ಹೆಸರು) ಕಾರು 1952ರಲ್ಲಿ ಬಾನೆವಿಲ್‌ಗೆ ಹೋದಾಗ ಮೂರು ಗಾತ್ರದ ಎಂಜಿನ್‌ಗಳೊಡನೆ ಮೂರು ವರ್ಗಗಳಲ್ಲಿ ಓಡಿತು: ಪುಟ್ಟ ವಿ-8ಕ್ಕೆ ಗಂಟೆಗೆ 145 ಮೈಲಿ, ನಡುವಿನದಕ್ಕೆ 181, ದೊಡ್ಡದಕ್ಕೆ 198. ಕೊನೆಯದೆಂದರೆ 319 ಕಿಲೋಮೀಟರ್. ಮೂರಕ್ಕೂ ಮೈ ಒಂದೇ, ಎಂಜಿನ್ ಮಾತ್ರ ಬೇರೆ ಎಂಬುದನ್ನು ಗಮನಿಸಬೇಕು. ಗಾತ್ರಕ್ಕೆ ಮೀರಿದ ವೇಗವನ್ನು ಪುಟ್ಟ ಎಂಜಿನ್ನೂ ಕೊಟ್ಟಿತೆಂದರೆ ಅದರಲ್ಲಿ ಟ್ಯಾಂಕಿನ ಪಾಲು ದೊಡ್ಡದು. ಆ ಕಾರನ್ನು ಈಗ ಹಿಂದಿನಂತೆಯೇ ದುರಸ್ತಿ ಮಾಡಿ ಕಾಪಾಡಿಕೊಂಡಿದ್ದಾರೆ.

ಲೇಕ್‌ಸ್ಟರ್ ವರ್ಗ ಈಗಲೂ ಇದೆ. ಎಲ್ ಮಿರಾಜ್‌ನಲ್ಲೂ ಬಾನೆವಿಲ್‌ನಲ್ಲೂ ಆ ಗಾಡಿಗಳು ಓಡುತ್ತವೆ. ಪಿ-38ರ ಅಸಲಿ ಟ್ಯಾಂಕು ಸಿಗುವುದು ದುರ್ಲಭವಾದ್ದರಿಂದ ಅದೇ ಆಕಾರವನ್ನು ಫೈಬರ್‌ಗ್ಲಾಸಿನಲ್ಲಿ ಎರಕ ಹೊಯ್ಯುವವರಿದ್ದಾರೆ, ತಗಡಿನಲ್ಲೇ ಹೊಸದಾಗಿ ಮೈ ಕಟ್ಟುವವರೂ ಇದ್ದಾರೆ. ಗುಜರಿಯಲ್ಲಿ ಜೆಟ್ ಕಾಲದ ಟ್ಯಾಂಕುಗಳೇನೋ ಸಿಗುತ್ತವೆ. ಆದರೆ ಅವು ಉದ್ದಕ್ಕೆ ಸಣಕಲು, ಎಂಜಿನ್ನನ್ನೂ ಮನುಷ್ಯನನ್ನೂ ತೂರಿಸುವುದು ಕಷ್ಟ.